ವ, ಮ ಮತ್ತು ನಮ್ಮ ಬಸವ

2011ರ ಫೆಬ್ರವರಿ ಕೊನೆ. ನಾನು ಒಂದನೇ ಕ್ಲಾಸು. ಬೆಳಿಗ್ಗೆ ಪ್ರಾರ್ಥನೆ ಮುಗಿದು ಎಲ್ಲರೂ ಒಳಗೆ ಹೋದರು. ನಾನು ಮಾತ್ರ ಬಾಗಿಲ ಹತ್ತಿರವೇ ಚೀಲ ಹಿಡಿದು ನಿಂತಿದ್ದೆ.

ಒಂದೂವರೆ ತಿಂಗಳು ಶಾಲೆ ತಪ್ಪಿಸಿದ್ದೆ. ಸಂಕ್ರಾಂತಿ ಮುಗೀತಿದ್ದ ಹಾಗೆ ಅಪ್ಪ, ಅವ್ವ ಕಾಫಿ ಹಣ್ಣು ಬಿಡಿಸಲು ಕೊಡಗಿಗೆ ಹೋಗುತ್ತಿದ್ದರು. ನಮ್ಮ ಎಚ್.ಡಿ. ಕೋಟೆ ಕಡೆಯಿಂದ ಆಗ ತುಂಬಾ ಮನೆಯವರು ಹೀಗೆ ಹೋಗುತ್ತಿದ್ದರು. ಮಳೆ ನಂಬಿದ ಹೊಲ, ಬೇಸಿಗೆಯಲ್ಲಿ ಇನ್ನೇನು ಕೆಲಸ ಇರುತ್ತೆ ಹೇಳಿ? ಎತ್ತು ನೋಡಿಕೊಳ್ಳಲು ಅಜ್ಜಿ ಊರಲ್ಲಿ ಉಳಿಯುತ್ತಿದ್ದಳು. ನಾನಿನ್ನೂ ಚಿಕ್ಕವಳು ಅಂತ ಅವ್ವ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ತೋಟದ ಕೂಲಿಯವರು ಇರುವ ಲೈನ್ ಮನೆಯ ಮುಂದೆ ಮಣ್ಣಿನಲ್ಲಿ ಕಡ್ಡಿ ಹಿಡಿದು ‘ಸರ’, ‘ಗರಗಸ’ ಅಂತ ಬರೆಯುತ್ತಿದ್ದೆ. ನನಗೆ ತಪ್ಪಿಲ್ಲದೆ ಬರೆಯಲು ಬರುತ್ತಿದ್ದುದು ಅಷ್ಟೇ.

ನನ್ನ ಅಣ್ಣನಿಗೂ ಹೀಗೇ ಆಗಿತ್ತು. ಅವನು ನೆಂಟರ ಊರಿನ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿದ್ದ. ಕುಯ್ಲು ಮುಗಿಸಿ ಬರುವಷ್ಟರಲ್ಲಿ ಪಾಠ ಎಲ್ಲೋ ಹೋಗಿತ್ತು. ದಿನಾ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ಬಂದ. ಮುಂದಿನ ವರ್ಷ ಶಾಲೆ ಬಿಟ್ಟ. ಆ ಭಯ ನನಗೂ ಇತ್ತು.

ನಮ್ಮ ಮಿಸ್ ಬಾಗಿಲಿಗೆ ಬಂದು ನನ್ನ ತಲೆ ಮುಟ್ಟಿದರು. ‘ಬಂದ್ಯಾ ಮಗ? ಬಾ ಒಳಕ್ಕೆ. ನಿನ್ ಕಾರ್ಡು ಎಲ್ಲೂ ಹೋಗಿಲ್ಲ, ಅಲ್ಲೇ ಅದೆ’ ಅಂದರು.

ನಮ್ಮದು ನಲಿಕಲಿ, ಅಂದರೆ ಪ್ರತಿ ಮಗು ಕಾರ್ಡು ಹಿಡಿದು ತನ್ನದೇ ವೇಗದಲ್ಲಿ ನಲಿಯುತ್ತಾ ಕಲಿಯುವ ಪದ್ಧತಿ. ಆ ಕೋಣೆಯಲ್ಲಿ ಒಂದನೇ, ಎರಡನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಿದ್ದೆವು. ಬೆಂಚು ಇರಲಿಲ್ಲ, ಗುಂಪು ಗುಂಪಾಗಿ ನೆಲದ ಮೇಲೆ. ಆ ಗುಂಪಿಗೆ ‘ತಟ್ಟೆ’ ಅನ್ನುತ್ತಿದ್ದೆವು. ಮಿಸ್ ಪಕ್ಕದಲ್ಲೇ ಕೂತು ಕಲಿಯುವ ತಟ್ಟೆ ಒಂದು, ಗೆಳೆಯರ ಸಹಾಯದಿಂದ ಕಲಿಯುವ ತಟ್ಟೆ ಇನ್ನೊಂದು, ತಾನೇ ಕಲಿಯುವ ತಟ್ಟೆ ಮತ್ತೊಂದು. ತಲೆಯ ಮೇಲೆ ಹಗ್ಗ ಕಟ್ಟಿದ ಚಪ್ಪರ, ಅದರಲ್ಲಿ ನಾವು ಬರೆದ ಚಿತ್ರಗಳು. ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಣ್ಣ, ಅದೇ ನಮ್ಮ ಕೈಗೆಟಕುವ ಬೋರ್ಡು. ಯಾರ ಕಲಿಕೆ ಎಲ್ಲಿಗೆ ಬಂದಿದೆ ಅಂತ ತೋರಿಸುವ ಪ್ರಗತಿ ನೋಟವೂ ಗೋಡೆಯ ಮೇಲಿತ್ತು.

ಮಿಸ್ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ನನ್ನ ಹೆಸರಿನ ಮುಂದೆ ಗುರುತು ಜನವರಿಯಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಬೇರೆಯವರದ್ದು ಮುಂದಕ್ಕೆ ಹೋಗಿತ್ತು, ನಿಜ. ಆದರೆ ನನ್ನ ಜಾಗವನ್ನು ಯಾರೂ ಅಳಿಸಿರಲಿಲ್ಲ. ಟ್ರೇಯಿಂದ ಆ ಕಾರ್ಡು ನಾನೇ ಹುಡುಕಿ ತೆಗೆದೆ. ಮೂಲೆ ಸವೆದು ಪದರ ಬಿಟ್ಟಿತ್ತು. ಯಾರದ್ದೋ ಬೆರಳಿನ ಸಾರಿನ ಕಲೆ ಕೂಡ ಇತ್ತು.

ನಾವು ಅ ಆ ಇ ಈಯಿಂದ ಶುರು ಮಾಡಿದವರಲ್ಲ. ನಮ್ಮದು ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಐದು ಅಕ್ಷರ ಬಂದರೆ ಸಾಕು, ಅವತ್ತೇ ‘ಅರಸ’, ‘ಅಗಸ’ ಅಂತ ಓದಬಹುದು. ಐವತ್ತು ಅಕ್ಷರ ಬಾಯಿಪಾಠ ಆಗುವವರೆಗೆ ಕಾಯಬೇಕಿಲ್ಲ. ಮಕ್ಕಳು ಕಾರ್ಡ್ ಹಿಡಿದು ಆಡ್ತಾರೆ ಅಷ್ಟೇ ಅಂತ ಊರಲ್ಲಿ ಕೆಲವರು ಅನ್ನುತ್ತಿದ್ದರು. ನಾನು ಅದನ್ನು ಒಪ್ಪುವುದಿಲ್ಲ. ಆ ಕಾರ್ಡುಗಳಿಂದಲೇ ನಾನು ಓದು ಕಲಿತೆ.

ಎರಡನೇ ಐದರಲ್ಲಿ ಬೇರೆಯವು ಹೇಗೋ ಗುರುತಾಗುತ್ತಿದ್ದವು, ನಾನು ನಿಂತಿದ್ದು ವ ಮತ್ತು ಮ ನಡುವೆ. ಎರಡೂ ಒಂದೇ ಥರ ಕಾಣುತ್ತಿದ್ದವು. ‘ಮರ’ವನ್ನು ‘ವರ’ ಅಂತ ಓದುತ್ತಿದ್ದೆ. ಮಿಸ್ ಪಕ್ಕ ಕೂತು ನನ್ನ ಬೆರಳು ಹಿಡಿದು ನೆಲದ ಮೇಲೆ ಬರೆಸಿದರು. ‘ಇದು ವ. ಇದಕ್ಕೆ ಪಕ್ಕದಲ್ಲಿ ಒಂದು ಬಾಲ ಬಂದ್ರೆ ಮ.’ ಹತ್ತು ಸಲವಾದರೂ ಬರೆಸಿರಬೇಕು. ಆಮೇಲೆ ಗೆಳೆಯರ ತಟ್ಟೆಗೆ ಕಳಿಸಿದರು. ಅಲ್ಲಿ ನನಗೆ ಹೇಳಿಕೊಟ್ಟವಳು ಹಾಡಿಯಿಂದ, ಅಂದರೆ ಬುಡಕಟ್ಟಿನವರ ಕೇರಿಯಿಂದ, ಬರುತ್ತಿದ್ದ ಜೇನುಕುರುಬರ ಹುಡುಗಿ. ಜೂನ್‌ನಲ್ಲಿ ಅವಳಿಗೆ ನಮ್ಮ ಕನ್ನಡ ಸರಿಯಾಗಿ ಅರ್ಥವಾಗುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ. ಈಗ ನನ್ನ ಮುಂದೆ ಕಾರ್ಡ್ ಹಿಡಿದು ‘ಸರಿಯಾಗಿ ನೋಡು, ಬಾಲ ಅದೆ’ ಅನ್ನುತ್ತಿದ್ದಳು.

ಬಿಸಿಯೂಟದ ಅನ್ನ ಸಾಂಬಾರ್ ಮುಗಿಸಿ ಬಂದ ಮೇಲೆ ನನ್ನ ಬೋರ್ಡಿನಲ್ಲಿ ಮರ, ವನ, ಜನ, ಗಮನ ಅಂತ ಬರೆದೆ. ಕೊನೆಗೆ ಮಿಸ್ ಹೇಳದೇ ಇದ್ದದ್ದೊಂದು ಬರೆದೆ: ಬಸವ. ನಮ್ಮ ಎತ್ತಿನ ಹೆಸರು. ಮಿಸ್ ಅದನ್ನು ಜೋರಾಗಿ ಓದಿದರು. ಪ್ರಗತಿ ನೋಟದಲ್ಲಿ ನನ್ನ ಗುರುತು ಒಂದು ಮನೆ ಮುಂದೆ ಹೋಯಿತು.

ಈಗ ನಾನು ಮೈಸೂರಿನಲ್ಲಿ ಶಿಕ್ಷಕಿಯ ತರಬೇತಿಯಲ್ಲಿದ್ದೇನೆ. ನಲಿಕಲಿ ಹುಟ್ಟಿದ್ದು ನಮ್ಮದೇ ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ, ಅಂತ ಕ್ಲಾಸಿನಲ್ಲಿ ಕೇಳಿದಾಗ ಮೈ ಜುಮ್ಮೆಂದಿತು. ನಮ್ಮ ಕಡೆಯ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರಂತೆ. ಯುನಿಸೆಫ್ ನೆರವು ಕೊಟ್ಟಿತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಶಾಲೆ ತಪ್ಪಿಸಿದ ಮಗು ವಾಪಸ್ ಬಂದರೆ ಬಿಟ್ಟಲ್ಲಿಂದಲೇ ಮುಂದುವರಿಯಬೇಕು ಅನ್ನೋದು ಈ ಪದ್ಧತಿಯಲ್ಲಿ ಬೇಕೆಂದೇ ಇಟ್ಟದ್ದು. ನಮ್ಮಂಥ ಮನೆಯ ಮಕ್ಕಳನ್ನು ನೋಡಿಯೇ ಇಟ್ಟಿರಬೇಕು ಅಲ್ವಾ?

ಅವತ್ತು ಸಂಜೆ ಒಲೆಯ ಇದ್ದಿಲು ತಗೊಂಡು ಕೊಟ್ಟಿಗೆ ಗೋಡೆಯ ಮೇಲೆ ದೊಡ್ಡದಾಗಿ ‘ಬಸವ’ ಅಂತ ಬರೆದೆ. ಓದು ಬಾರದ ಅಜ್ಜಿ ಹತ್ತಿರ ಬಂದು, ಇದು ಯಾವುದು, ಇದು ಯಾವುದು ಅಂತ ಒಂದೊಂದನ್ನೇ ಮುಟ್ಟಿ ಕೇಳಿದಳು. ಯುಗಾದಿಗೆ ಸುಣ್ಣ ಬಳಿಯುವಾಗ ಅಷ್ಟು ಜಾಗ ಮಾತ್ರ ಬಿಟ್ಟಿದ್ದಳು.