ಮೀನು ಸತ್ತರೆ ಮೊದಲು ಸಿಗಡಿ ನೋಡಿ

40 ಲೀಟರಿನ ಉಪ್ಪುನೀರಿನ ತೊಟ್ಟಿಯಲ್ಲಿ ಮೀನುಗಳು ಕಾರಣ ತಿಳಿಯದೆ ಸಾಯುತ್ತಿದ್ದರೆ, ಔಷಧಿ ಸುರಿಯುವ ಮೊದಲು ಸಿಗಡಿ, ಬಸವನಹುಳು ಹೇಗಿವೆ ನೋಡಿ. ಅವು ಆರಾಮಾಗಿದ್ದು ಮೀನು ಮಾತ್ರ ಸತ್ತರೆ ರೋಗದ ಅನುಮಾನವೇ ಮೊದಲು. ಮೈಮೇಲೆ ಚಿನ್ನದ ಪುಡಿ ಉದುರಿಸಿದಂಥ ಹೊಳಪು, ಏದುಸಿರು, ಪಂಪಿನ ಹರಿವಿಗೆ ಮುಖವೊಡ್ಡಿ ನಿಲ್ಲುವುದು ಕಂಡರೆ ಬಹುಶಃ ವೆಲ್ವೆಟ್ ಎಂಬ ಪರಾವಲಂಬಿ ರೋಗ. ಕೆಲವೇ ದಿನಗಳಲ್ಲಿ ತೊಟ್ಟಿ ಖಾಲಿ. ಉಳಿದ ಮೀನುಗಳನ್ನು ಬೇರೆ ತೊಟ್ಟಿಗೆ ಹಾಕಿ ಅಲ್ಲೇ ತಾಮ್ರದ ಔಷಧಿ ಕೊಡಿ. ಮುಖ್ಯ ತೊಟ್ಟಿಗೆ ತಾಮ್ರ ಬಿತ್ತೋ, ಸಿಗಡಿಯ ಕಥೆ ಮುಗಿಯಿತು.

ಸಿಗಡಿಯೂ ಸತ್ತಿದ್ದರೆ ನೀರು ಪರೀಕ್ಷಿಸಿ. ಅಮೋನಿಯಾ ಸೊನ್ನೆಯೇ ಇರಬೇಕು, ‘ಸ್ವಲ್ಪ ಇದೆ’ ಅನ್ನುವುದು ನಡೆಯುವುದಿಲ್ಲ. ಲವಣಾಂಶ 35 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ 35 ಭಾಗ ಉಪ್ಪು) ಇರಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ: 2 ಲೀಟರ್ ಆರಿದರೆ 35 ಇದ್ದದ್ದು ಸುಮಾರು 37 ಆಗುತ್ತದೆ. ಹಾಗಾಗಿ ದಿನವೂ ಆರ್‌ಓ ನೀರನ್ನಷ್ಟೇ ತುಂಬಿಸಿ. ಉಪ್ಪುನೀರು ತುಂಬಿಸುತ್ತಿದ್ದರೆ ಲವಣ ಏರುತ್ತಲೇ ಹೋಗುತ್ತದೆ. ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35 ಪಿಪಿಟಿ ದ್ರಾವಣದಲ್ಲೇ ಹೊಂದಿಸಿಕೊಳ್ಳಿ.

ಸಾವು ಯಾವಾಗಲೂ ಬೆಳಗಿನ ಜಾವಕ್ಕೇ ಆದರೆ ಆಮ್ಲಜನಕ ಸಾಲುತ್ತಿಲ್ಲ. ಮೇಲ್ಮೈಯ ಜಿಡ್ಡುಪೊರೆ ತೆಗೆಯಿರಿ, ಪಂಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿ. ರಾತ್ರಿ ಕರೆಂಟು ಹೋಗುವ ಕಡೆ ಬ್ಯಾಟರಿಯ ಏರ್ ಪಂಪ್ ಬೇಕೇ ಬೇಕು.