ಪಾಕ್ ಅಧ್ಯಕ್ಷರ ಹೇಳಿಕೆಗೆ ಎಷ್ಟು ಕಾಲಂ ಕೊಡಬೇಕು?

ಪತ್ರಿಕೆಯ ವಿದೇಶ ಪುಟ ನೋಡಿಕೊಳ್ಳುವುದು ನನ್ನ ಕೆಲಸ. ಡೆಸ್ಕಿಗೆ ಹೊಸಬರು ಬಂದಾಗ ನಾನು ಮೊದಲು ಹೇಳಿಕೊಡುವುದು ಪಾಕಿಸ್ತಾನದ ಅಧ್ಯಕ್ಷರ ವಿಷಯ. ‘ಪಾಕ್ ಅಧ್ಯಕ್ಷರ ಎಚ್ಚರಿಕೆ’ ಅಂತ ಏಜೆನ್ಸಿ ಕಾಪಿ ಬಂದರೆ ಸಾಕು, ನಾಲ್ಕು ಕಾಲಂ ಹೆಡಿಂಗ್ ಹಾಕೋಣ ಅನ್ನಿಸುತ್ತದೆ. ಆದರೆ ಆ ಎಚ್ಚರಿಕೆಯ ಹಿಂದೆ ಅಧಿಕಾರ ಇದೆಯೋ ಇಲ್ಲವೋ ಎಂಬುದನ್ನು ಕಾಪಿ ಹೇಳುವುದಿಲ್ಲ. ಅದನ್ನು ಹುಡುಕಬೇಕಾದವರು ಡೆಸ್ಕಿನಲ್ಲಿ ಕೂತ ನಾವು.

2025ರ ಮೇ ತಿಂಗಳಲ್ಲಿ ಗಡಿಯ ಎರಡೂ ಕಡೆ ದಾಳಿ ನಡೆಯುತ್ತಿದ್ದಾಗ ಟ್ರೈನಿಯಾಗಿ ಸೇರಿದ್ದ ಹುಡುಗಿಯೊಬ್ಬಳು ಪ್ರಿಂಟ್ ಹಿಡಿದು ಬಂದಳು. “ಸರ್, ಅವರ ಅಧ್ಯಕ್ಷರೇ ಹೇಳಿದ್ದಾರೆ, ಇದನ್ನೇ ಲೀಡ್ ಮಾಡೋಣ್ವಾ?” ನಾನು ಕೇಳಿದೆ: “ಅವರು ಬೇಡ ಅಂದ್ರೆ ಅಲ್ಲಿ ಸೈನ್ಯ ನಿಲ್ಲುತ್ತೇನಮ್ಮ? ಮುಂದೆ ಹೋಗಿ ಅಂದ್ರೆ ಹೋಗುತ್ತಾ?” ಆಕೆ ಯೋಚಿಸಿ, ಸುದ್ದಿಯನ್ನು ತಾನೇ ಒಳಪುಟಕ್ಕೆ ಹಾಕಿದಳು. ಮೇ 10ರ ಮಧ್ಯಾಹ್ನ ಕದನ ನಿಲ್ಲಿಸುವ ಮಾತು ಆಡಲು ದೆಹಲಿಗೆ ಫೋನ್ ಮಾಡಿದ್ದು ಪಾಕ್ ಸೇನೆಯ ಕಾರ್ಯಾಚರಣೆ ವಿಭಾಗದ ಮಹಾನಿರ್ದೇಶಕರು. ಆ ದಿನಗಳಲ್ಲಿ ಸೈನಿಕರ ಮನೆಯವರು ನಮ್ಮ ಒಂದೊಂದು ಹೆಡಿಂಗನ್ನೂ ಜೀವ ಕೈಯಲ್ಲಿ ಹಿಡಿದು ಓದುತ್ತಿದ್ದರು. ಅಧಿಕಾರವಿಲ್ಲದವರ ಮಾತನ್ನು ದಪ್ಪಕ್ಷರದಲ್ಲಿ ಹಾಕಿ ಅವರನ್ನು ಹೆದರಿಸುವ ಹಕ್ಕು ನಮಗಿಲ್ಲ.

ಅಲ್ಲಿನ ಅಧ್ಯಕ್ಷ ಪದವಿಗೆ ಒಂದೊಂದು ಕಾಲಕ್ಕೆ ಒಂದೊಂದು ತೂಕ. 1960ರ ಸಿಂಧೂ ಜಲ ಒಪ್ಪಂದಕ್ಕೂ 1966ರ ತಾಷ್ಕೆಂಟ್ ಘೋಷಣೆಗೂ ಸಹಿ ಹಾಕಿದ್ದು ಅಧ್ಯಕ್ಷ ಅಯೂಬ್ ಖಾನ್. 1972ರಲ್ಲಿ ಶಿಮ್ಲಾದಲ್ಲಿ ಇಂದಿರಾ ಗಾಂಧಿಯವರ ಜೊತೆ ಸಹಿ ಹಾಕಿದಾಗ ಜುಲ್ಫಿಕರ್ ಅಲಿ ಭುಟ್ಟೊ ಕೂಡ ಅಧ್ಯಕ್ಷರೇ. ಮರುವರ್ಷ ಹೊಸ ಸಂವಿಧಾನ ಜಾರಿಗೆ ಬಂತು, ಭುಟ್ಟೊ ಪ್ರಧಾನಿಯಾದರು, ಅಧಿಕಾರವೂ ಅವರ ಬೆನ್ನ ಹಿಂದೆಯೇ ಹೋಯಿತು. ಹೊಸ ಅಧ್ಯಕ್ಷ ಫಜಲ್ ಇಲಾಹಿ ಚೌಧರಿ ಅವರ ಆದೇಶಕ್ಕೆ ಪ್ರಧಾನಿಯ ಸಹಿಯೂ ಬೀಳಬೇಕಿತ್ತು.

ಹೊಸಬರಿಗೆ ನಾನು ಬಾಯಿಪಾಠ ಮಾಡಿಸುವುದು ಒಂದೇ ಕಲಮು, 58(2)(ಬಿ). ಜನರಲ್ ಜಿಯಾ ಉಲ್ ಹಕ್ 1985ರಲ್ಲಿ ಎಂಟನೇ ತಿದ್ದುಪಡಿಯ ಮೂಲಕ ಇದನ್ನು ಸೇರಿಸಿದರು. ಸಂವಿಧಾನದ ಪ್ರಕಾರ ಸರ್ಕಾರ ನಡೆಯಲಾಗದು, ಜನರ ಮುಂದೆ ಹೋಗಲೇಬೇಕು ಎಂದು ಅಧ್ಯಕ್ಷರಿಗೆ ಅನ್ನಿಸಿದರೆ ರಾಷ್ಟ್ರೀಯ ಅಸೆಂಬ್ಲಿಯನ್ನು ವಿಸರ್ಜಿಸಬಹುದು. ಅದರ ಜೊತೆಗೇ ಪ್ರಧಾನಿಯೂ ಮನೆಗೆ. 1988ರಲ್ಲಿ ಮೊಹಮ್ಮದ್ ಖಾನ್ ಜುನೇಜೊ, 1990ರಲ್ಲಿ ಬೆನಜೀರ್ ಭುಟ್ಟೊ, 1993ರಲ್ಲಿ ನವಾಜ್ ಷರೀಫ್, 1996ರಲ್ಲಿ ಮತ್ತೆ ಬೆನಜೀರ್ ಹೀಗೇ ಹೋದರು. ನವಾಜ್ ಅವರನ್ನು ಸುಪ್ರೀಂ ಕೋರ್ಟ್ ಮತ್ತೆ ಕೂರಿಸಿತು, ಆದರೆ ಅಧ್ಯಕ್ಷರ ಜೊತೆಗಿನ ಜಗಳ ಮುಗಿಯದೆ ಜುಲೈಯಲ್ಲಿ ಇಬ್ಬರೂ ರಾಜೀನಾಮೆ ಕೊಟ್ಟರು.

ಇವುಗಳಲ್ಲಿ 1990ನೇ ಇಸವಿಯನ್ನು ನಾನು ಬಿಡಿಸಿ ಹೇಳುತ್ತೇನೆ. ಕಾಶ್ಮೀರದ ಕಾರಣಕ್ಕೆ ಎರಡೂ ದೇಶಗಳು ಯುದ್ಧದ ಅಂಚಿಗೆ ಬಂದಿವೆ ಎಂದು ಅಮೆರಿಕಕ್ಕೆ ಗಾಬರಿಯಾಗಿತ್ತು. ಅಲ್ಲಿನ ಅಧ್ಯಕ್ಷ ಹಿರಿಯ ಬುಷ್ ಮೇ ತಿಂಗಳಲ್ಲಿ ತಮ್ಮ ಉಪ ರಾಷ್ಟ್ರೀಯ ಭದ್ರತಾ ಸಲಹೆಗಾರ ರಾಬರ್ಟ್ ಗೇಟ್ಸ್ ಅವರನ್ನು ಕಳಿಸಿದರು. ಇಸ್ಲಾಮಾಬಾದಿನಲ್ಲಿ ಗೇಟ್ಸ್ ಕೂತು ಮಾತಾಡಿದ್ದು ಅಧ್ಯಕ್ಷ ಗುಲಾಂ ಇಶಾಕ್ ಖಾನ್ ಮತ್ತು ಸೇನಾ ಮುಖ್ಯಸ್ಥ ಮಿರ್ಜಾ ಅಸ್ಲಂ ಬೇಗ್ ಅವರ ಜೊತೆ. ಪ್ರಧಾನಿ ಬೆನಜೀರ್ ವಿದೇಶ ಪ್ರವಾಸದಲ್ಲಿದ್ದರು. ಯುದ್ಧ ಆಗಬೇಕೋ ಬೇಡವೋ ಎಂಬ ಮಾತುಕತೆ ಜನ ಆರಿಸಿದ ಪ್ರಧಾನಿ ಇಲ್ಲದೆಯೇ ನಡೆದುಹೋಯಿತು. ಆಗಸ್ಟ್ 6ಕ್ಕೆ ಅವರ ಸರ್ಕಾರವೇ ಇರಲಿಲ್ಲ. ಜಿಯಾ ಅವರ ಸೇನಾಡಳಿತ ಸಹಿಸಿಕೊಂಡು, 1988ರಲ್ಲಿ ಮತಗಟ್ಟೆಗೆ ಬಂದ ಜನರ ವೋಟಿಗೆ ಎರಡು ವರ್ಷವೂ ಬೆಲೆ ಉಳಿಯಲಿಲ್ಲ. ಪಾಕಿಸ್ತಾನದ ಸುದ್ದಿ ಮಾಡುವಾಗ ನಾವು ಆ ಮತದಾರರನ್ನು ಮರೆತೇಬಿಡುತ್ತೇವೆ, ನನಗೆ ಅದು ನೋವಿನ ವಿಷಯ.

1997ರಲ್ಲಿ ಈ ಕಲಮು ಹೋಯಿತು. 1999ರ ಕಾರ್ಗಿಲ್ ಸಂಘರ್ಷದ ವರದಿಗಳಲ್ಲಿ ಅಧ್ಯಕ್ಷ ರಫೀಕ್ ತರಾರ್ ಹೆಸರು ಹುಡುಕಿದರೂ ಸಿಗುವುದು ಕಷ್ಟ; ಜುಲೈ 4ರಂದು ವಾಷಿಂಗ್ಟನ್ನಿಗೆ ಓಡಿದ್ದು ಪ್ರಧಾನಿ ನವಾಜ್. ಅದೇ ಅಕ್ಟೋಬರಿನಲ್ಲಿ ಅಧಿಕಾರ ಕಿತ್ತುಕೊಂಡ ಪರ್ವೇಜ್ ಮುಷರಫ್, ತರಾರ್ ಅವರನ್ನು 2001ರ ಜೂನ್ ತನಕ ಹಾಗೇ ಇರಲು ಬಿಟ್ಟರು. ಜೂನ್ 20ರಂದು ತಾವೇ ಅಧ್ಯಕ್ಷರಾದರು. ಜುಲೈ 14ಕ್ಕೆ ವಾಜಪೇಯಿ ಅವರ ಆಹ್ವಾನದ ಮೇಲೆ ಭಾರತಕ್ಕೆ, ಆಮೇಲೆ ಆಗ್ರಾ ಶೃಂಗಸಭೆಗೆ. ಇವೆರಡೂ ತಾನಾಗಿಯೇ ಕೂಡಿ ಬಂದವು ಎಂದು ನಾನು ನಂಬುವುದಿಲ್ಲ. ಬಂದೂಕಿನಿಂದ ಸಿಕ್ಕ ಅಧಿಕಾರಕ್ಕೆ, ನೆರೆಯ ದೇಶದ ಕೆಂಪು ಹಾಸಿನ ಮೇಲೆ ನಡೆಯಲು ಆ ಪದವಿಯ ಹೆಸರು ಬೇಕಿತ್ತು. 2003ರ ಕೊನೆಗೆ ವಿಸರ್ಜನೆಯ ಅಧಿಕಾರವನ್ನೂ ವಾಪಸ್ ತಂದುಕೊಂಡರು.

ಕಾಗದದ ಮೇಲಿನ ಅಧಿಕಾರ ಮಾತ್ರ ಇದ್ದರೆ ಏನಾಗುತ್ತದೆ ಎನ್ನುವುದು 2008ರ ನವೆಂಬರಿನಲ್ಲಿ ಕಂಡಿತು. ಆಸಿಫ್ ಅಲಿ ಜರ್ದಾರಿ ಅಧ್ಯಕ್ಷರಾಗಿ ಎರಡು ತಿಂಗಳಾಗಿತ್ತಷ್ಟೇ. ಮುಷರಫ್ ಬಿಟ್ಟುಹೋದ ಅಧಿಕಾರವೆಲ್ಲ ಅವರ ಕೈಯಲ್ಲಿತ್ತು. ದೆಹಲಿಯ ಸಭೆಯೊಂದರ ಜೊತೆ ವಿಡಿಯೊ ಮೂಲಕ ಮಾತಾಡುತ್ತ, ಪಾಕಿಸ್ತಾನ ಮೊದಲು ಅಣ್ವಸ್ತ್ರ ಬಳಸುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಸೇನೆಯ ದಶಕಗಳ ನಿಲುವಿಗೆ ತದ್ವಿರುದ್ಧವಾದ ಮಾತದು. ಕೆಲವೇ ದಿನಗಳಲ್ಲಿ ಮುಂಬೈ ಮೇಲೆ ದಾಳಿಯಾಯಿತು, ಅಣ್ವಸ್ತ್ರ ನೀತಿ ಇದ್ದ ಹಾಗೇ ಉಳಿಯಿತು. ಒಂದು ಮಾತು ಅವರ ಪರವಾಗಿ ಹೇಳಲೇಬೇಕು: 2010ರ ಏಪ್ರಿಲಿನಲ್ಲಿ 18ನೇ ತಿದ್ದುಪಡಿಗೆ ಸಹಿ ಹಾಕಿ, ಪ್ರಧಾನಿಯನ್ನು ಮನೆಗೆ ಕಳಿಸುವ ತಮ್ಮ ಅಧಿಕಾರವನ್ನು ತಾವೇ ಬಿಟ್ಟುಕೊಟ್ಟರು. ಅಲ್ಲಿ ಹಾಗೆ ಮಾಡಿದವರು ಅಪರೂಪ.

ಅದಾದ ಮೇಲೆ ಆ ಪದವಿ ಎಲ್ಲಿಗೆ ಇಳಿಯಿತು ಎಂಬುದಕ್ಕೆ 2023ರ ಆಗಸ್ಟಿನ ಪ್ರಸಂಗ ಸಾಕು. ಸೇನಾ ಕಾಯ್ದೆ ಮತ್ತು ಅಧಿಕೃತ ರಹಸ್ಯ ಕಾಯ್ದೆಗಳ ತಿದ್ದುಪಡಿಗಳು ಕಾನೂನಾದವು ಎಂದು ಸುದ್ದಿ ಬಂತು. ಮರುದಿನವೇ ಅಧ್ಯಕ್ಷ ಆರಿಫ್ ಅಲ್ವಿ, ದೇವರ ಸಾಕ್ಷಿಯಾಗಿ ತಾನು ಸಹಿ ಹಾಕಿಲ್ಲ, ವಾಪಸ್ ಕಳಿಸಿ ಎಂದು ಹೇಳಿದ್ದೆ, ಸಿಬ್ಬಂದಿಯೇ ಮಾತು ಮೀರಿದ್ದಾರೆ ಎಂದು ಸಾಮಾಜಿಕ ಜಾಲತಾಣದಲ್ಲಿ ಬರೆದರು. ಹತ್ತು ದಿನದೊಳಗೆ ಲಿಖಿತ ಆಕ್ಷೇಪದೊಂದಿಗೆ ವಾಪಸ್ ಬರಲಿಲ್ಲ, ಆದ್ದರಿಂದ ಕಾನೂನಾಯಿತು ಎನ್ನುವುದು ಸರ್ಕಾರದ ವಾದ. ಕಾನೂನುಗಳು ಜಾರಿಯಲ್ಲೇ ಉಳಿದವು. ಸಂವಿಧಾನದ ಪುಸ್ತಕದಲ್ಲಿ ಮೂರೂ ಸೇನೆಗಳ ಪರಮೋಚ್ಚ ಅಧಿಪತ್ಯ ಇರುವುದು ಇದೇ ಪದವಿಗೆ!

ಈಗ ಹೊಸಬರಿಗೆ ಓದಿಸುತ್ತಿರುವುದು 2025ರ ನವೆಂಬರಿನ 27ನೇ ತಿದ್ದುಪಡಿ. ಎರಡನೇ ಸಲ ಅಧ್ಯಕ್ಷರಾಗಿರುವ ಜರ್ದಾರಿಯವರೇ ಅದಕ್ಕೂ ಸಹಿ ಹಾಕಿದ್ದಾರೆ. ಅಧ್ಯಕ್ಷರಾದವರಿಗೆ ಕ್ರಿಮಿನಲ್ ಮೊಕದ್ದಮೆಯಿಂದ ಜೀವನಪರ್ಯಂತ ರಕ್ಷಣೆ ಸಿಕ್ಕಿದೆ. ಸೇನಾ ಮುಖ್ಯಸ್ಥ ಆಸಿಮ್ ಮುನೀರ್ ಮೂರೂ ಸೇನೆಗಳ ಮೇಲಿನ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದಾರೆ, ಅವರ ಫೀಲ್ಡ್ ಮಾರ್ಷಲ್ ಪದವಿ ಆಜೀವ. ಅದನ್ನು ಕಿತ್ತುಕೊಳ್ಳಬೇಕಾದರೆ ಅಧ್ಯಕ್ಷರನ್ನು ಇಳಿಸಲು ಬೇಕಾದಷ್ಟೇ ಬಲ, ಅಂದರೆ ಸಂಸತ್ತಿನ ಮೂರನೇ ಎರಡರಷ್ಟು ಬಹುಮತ ಬೇಕು. 2022ರ ಏಪ್ರಿಲಿನಲ್ಲಿ ಪ್ರಧಾನಿ ಇಮ್ರಾನ್ ಖಾನ್ ಅವರನ್ನು ಇಳಿಸಲು 342 ಸದಸ್ಯರ ಸದನದಲ್ಲಿ 174 ಮತ ಸಾಕಾಗಿತ್ತು.