ಒಂದು ಟೊಮೇಟೊಗೆ ಅರವತ್ತಾ?

ತಿಂಗಳ ಚಂದಾ ಕಟ್ಟಿ ಫೋನಲ್ಲಿ ಒಂದಷ್ಟು ಆಟ ಆಡುವ ಗೂಗಲ್ ಪ್ಲೇ ಪಾಸ್ ಭಾರತಕ್ಕೆ ಬಂದಿದ್ದು 2022ರಲ್ಲಿ. ನಾನು ಹಾಕಿಸಿಕೊಂಡಿದ್ದು ಮಾತ್ರ ಈಚೆಗೆ. ಬಂದಾಗ ತಿಂಗಳಿಗೆ 99 ರೂಪಾಯಿ ಇಟ್ಟಿದ್ದರು. ನನಗೆ ಮೊದಲ ತಿಂಗಳು ಪುಕ್ಕಟೆ ಸಿಕ್ಕಿತು. ಅದರಲ್ಲಿರುವ ಆಟಗಳಲ್ಲಿ ಜಾಹೀರಾತಿಲ್ಲ, ಮಧ್ಯೆ ಮಧ್ಯೆ ಕಾಯಿನ್ ತಗೋ ಅಂತ ಪೀಡಿಸುವುದೂ ಇಲ್ಲ. ಅದೊಂದಕ್ಕೇ ದುಡ್ಡು ಕೊಡಬಹುದು ಅನಿಸುತ್ತದೆ. ಆದರೆ ಇಷ್ಟೊಂದು ಆಟ ಒಟ್ಟಿಗೆ ಸಿಕ್ಕರೆ ಯಾವುದಕ್ಕೂ ಬೆಲೆ ಇರಲ್ಲ, ಐದು ನಿಮಿಷ ಆಡಿ ಬೇಜಾರಾದರೆ ಡಿಲೀಟ್. ಮಾನ್ಯುಮೆಂಟ್ ವ್ಯಾಲಿ ನೋಡೋಕೆ ಚೆಂದ, ಆದರೆ ಹತ್ತೇ ಅಧ್ಯಾಯ, ಬೇಗ ಮುಗಿದುಹೋಯಿತು. ಕ್ರಿಕೆಟ್ ಆಟ ನನಗೆ ಹಿಡಿಸಲಿಲ್ಲ.

ಹಿಡಿದು ಕೂರಿಸಿದ್ದು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಅನ್ನುವವರು ಒಬ್ಬರೇ ಕೂತು ವರ್ಷಗಟ್ಟಲೆ ಮಾಡಿ 2016ರಲ್ಲಿ ಬಿಟ್ಟ ಆಟ. ತಾತ ಬಿಟ್ಟುಹೋದ ಜಮೀನಲ್ಲಿ ಬೇಸಾಯ ಮಾಡಬೇಕು, ಅಷ್ಟೇ.

ಕಳೆದ ಶನಿವಾರ ಕೋಲಾರದ ಹತ್ತಿರ ನಮ್ಮೂರಿಗೆ ಹೋಗಿದ್ದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಮೋಟರ್ ಹಾಕೋಣ ಅಂತ ಅಪ್ಪ ಜಗಲಿ ಮೇಲೆ ಕಾಯುತ್ತಾ ಕೂತಿದ್ದರು. ಪಕ್ಕದಲ್ಲಿ ನಾನು ಸುಮ್ನೆ ಫೋನಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದೆ. ಅಪ್ಪ ಇಣುಕಿ ನೋಡಿದರು.

"ನೀರು ಎಲ್ಲಿಂದ ತರ್ತಾ ಇದ್ದೀಯಾ?"

"ಹೊಲದಲ್ಲೇ ಕುಂಟೆ ಐತಪ್ಪಾ."

"ಬತ್ತಲ್ವಾ?"

ಎಷ್ಟು ಮೊಗೆದರೂ ಬತ್ತಲ್ಲ ಅಂದೆ. ಸಾವಿರ ಅಡಿ ಬೋರ್ ಕೊರೆಸಿ ಬರೀ ದೂಳು ನೋಡಿರುವ ಮನುಷ್ಯ, ಏನೂ ಮಾತಾಡಲಿಲ್ಲ. ಆಮೇಲೆ ಟೊಮೇಟೊ ಕಿತ್ತು ಮನೆ ಪಕ್ಕದ ಪೆಟ್ಟಿಗೆಗೆ ಹಾಕಿದೆ. ಅದರಲ್ಲಿ ಹಾಕಿಟ್ಟರೆ ಸಾಕು, ಬೆಳಿಗ್ಗೆ ಏಳೋಷ್ಟರಲ್ಲಿ ದುಡ್ಡು ಬಂದಿರುತ್ತೆ.

"ರೇಟ್ ಎಷ್ಟು?"

"ಅರವತ್ತು."

"ಕೇಜಿಗಾ?"

"ಒಂದು ಹಣ್ಣಿಗೆ."

ಅಪ್ಪ ಜೋರಾಗಿ ನಕ್ಕರು. ಲಾರಿ ಬಾಡಿಗೆ, ಹಮಾಲಿ, ಮಂಡಿ ಕಮಿಷನ್ ಒಂದೊಂದಾಗಿ ಕೇಳಿದರು. ಯಾವುದೂ ಇಲ್ಲ. ಜಾಸ್ತಿ ಮಾಲು ಹಾಕಿದರೂ ರೇಟ್ ಬೀಳಲ್ಲ ಅಂದಾಗ ಮಾತ್ರ ನಂಬಲಿಲ್ಲ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿದ್ದನ್ನೂ ನೋಡಿದ್ದಾರೆ, ಕೇಳುವವರಿಲ್ಲದೆ ಹಣ್ಣನ್ನು ರಸ್ತೆ ಬದಿ ಸುರಿದಿದ್ದನ್ನೂ ನೋಡಿದ್ದಾರೆ. ಇದನ್ನು ಹೇಗೆ ನಂಬ್ತಾರೆ, ಅಲ್ವಾ?

ಕರೆಂಟ್ ಬರುವವರೆಗೂ ಪಕ್ಕದಲ್ಲೇ ಕೂತು ಮೇಸ್ತ್ರಿಕೆ ಮಾಡಿದರು. ಬೆದರುಬೊಂಬೆ ನಿಲ್ಲಿಸು, ಕಾಗೆ ತಿಂತವೆ ಅಂದರು. ನಿಜಕ್ಕೂ ಆ ಆಟದಲ್ಲಿ ಕಾಗೆಗಳು ಬಂದು ಬೆಳೆ ತಿನ್ನುತ್ತವೆ! ದಿನಾ ಕೈಯಲ್ಲಿ ನೀರು ಹಾಕೋದು ದಂಡ, ಡ್ರಿಪ್ ಹಾಕಿಸು ಅಂದರು. ಡ್ರಿಪ್ ಇಲ್ಲ, ಸ್ಪ್ರಿಂಕ್ಲರ್ ಇದೆ, ಅದಕ್ಕೆ ತಾಮ್ರ, ಕಬ್ಬಿಣ ಗಣಿಯಿಂದ ಅಗೆದು ತರಬೇಕು ಅಂದೆ.

"ಮತ್ತೆ ಹೋಗಿ ತಗೊಂಡು ಬಾ, ಕೂತ್ಕೊಂಡು ಏನ್ ಮಾಡ್ತೀಯಾ?"

ಪುಕ್ಕಟೆ ತಿಂಗಳು ಮುಗಿಯುತ್ತಾ ಬಂದಿದೆ. ರದ್ದು ಮಾಡೋಣ ಅಂತಿದ್ದೆ, ಸ್ಪ್ರಿಂಕ್ಲರ್ ಆಗುವವರೆಗಾದರೂ ಇರಲಿ ಅಂತ ಬಿಟ್ಟಿದ್ದೀನಿ.